ಜಾವಾ ಹಳ್ಳೀಲಿ ಫ್ರೆಂಡ್ ಹೆಸರಲ್ಲಿ ಜಾಗ ತಗೋಬಹುದಾ ಅಂದ್ರಲ್ಲ, ಅದಕ್ಕೆ

ಸರ್, ಮಾಗೆಲಾಂಗ್ ಕಡೆ ಗದ್ದೆ ಪಕ್ಕದ ಸೈಟು ಅಲ್ಲಿನ ಫ್ರೆಂಡ್ ಹೆಸರಲ್ಲಿ ತಗೊಂಡು ಮನೆ ಕಟ್ಟಿಸ್ಬಹುದಾ ಅಂತ ಕೇಳಿದೀರ, ದಯವಿಟ್ಟು ಆ ಕೆಲ್ಸಕ್ಕೆ ಕೈ ಹಾಕ್ಬೇಡಿ. ಜಾವಾ ಇರೋ ಇಂಡೋನೇಷ್ಯಾದ 1960ರ ಭೂ ಕಾನೂನಲ್ಲಿ 'ಹಕ್ ಮಿಲಿಕ್', ಅಂದ್ರೆ ಪೂರ್ತಿ ಮಾಲೀಕತ್ವ, ಇಂಡೋನೇಷ್ಯಾ ಪ್ರಜೆಗಳಿಗೆ ಮಾತ್ರ, ಬೇನಾಮಿ ಮಾಡಿದ್ರೆ ವ್ಯವಹಾರನೇ ಅಸಿಂಧು, ಜಾಗ ಸರ್ಕಾರಕ್ಕೆ ಹೋಗತ್ತೆ, ಕೊಟ್ಟ ದುಡ್ಡನ್ನ ವಾಪಸ್ ಕೇಳೋ ಹಾಗೂ ಇಲ್ಲ. ವಿದೇಶಿಯರಿಗೆ ಇರೋದು 'ಹಕ್ ಪಕಾಯ್', ಇಂತಿಷ್ಟು ವರ್ಷ ಬಳಸ್ಕೊಳ್ಳೋ ಹಕ್ಕು ಅಷ್ಟೆ. ಯಾರಾದ್ರೂ 'ಗಿರಿಕ್' ತೋರಿಸಿದ್ರೆ ಖುಷಿ ಪಡ್ಬೇಡಿ, ಅದು ಹಳೇ ತೆರಿಗೆ ಕಾಗದ, ನಮ್ ಕಡೆ ಕಂದಾಯ ರಸೀದಿ ಇದ್ದಂಗೆ.

ಮೊದ್ಲು ಬಾಡಿಗೆಗಿದ್ದು ನೋಡಿ. ನಾನಿದ್ದ ಮನೆಯ ಅಮ್ಮ ಬ್ಯಾಗ್ ಇಳಿಸೋಕೂ ಬಿಡದೆ ಪಾಕ್ ಆರ್‌ಟಿ ಅಂದ್ರೆ ಓಣಿ ಮುಖ್ಯಸ್ಥರ ಹತ್ರ ಕರ್ಕೊಂಡೋದ್ರು, ಅತಿಥಿ ಬಂದ್ರೆ 24 ಗಂಟೆಯೊಳಗೆ ತಿಳಿಸ್ಬೇಕಂತೆ, ಅಲ್ಲಿ ಕೊಟ್ಟ ಟೀ ಪಾಯಸದಷ್ಟು ಸಿಹಿ. ಹಳ್ಳಿ ನಿಶ್ಶಬ್ದ ಅಂದ್ಕೊಂಡಿದ್ರೆ ಮರೆತುಬಿಡಿ, ನಾಲ್ಕೂವರೆಗೆ ಆಜಾನ್, ಆಮೇಲೆ ಕೋಳಿ, ಮದುವೆ ಇದ್ರೆ ಸ್ಪೀಕರ್. ಬೆಳಗ್ಗೆ ಮೋಡ ಇಲ್ದಿದ್ರೆ ಗದ್ದೆ ಬದುವಿಂದಾನೇ ಮೆರಾಪಿ ಜ್ವಾಲಾಮುಖಿ ಕಾಣತ್ತೆ ಬಿಡಿ.

ಹತ್ರದ ದೊಡ್ಡ ಊರು ಯೋಗ್ಯಕರ್ತದ ಹೊಸ ಏರ್‌ಪೋರ್ಟ್ ಊರಾಚೆ ಕುಲೋನ್ ಪ್ರೊಗೊದಲ್ಲಿ, ಅಲ್ಲಿಂದ ಊರೊಳಗಿನ ತುಗು ಸ್ಟೇಷನ್‌ವರೆಗೆ ಟ್ರೈನ್ ಇದೆ, ಅಲ್ಲಿಂದ ಹಳ್ಳಿಗೆ ಗಾಡಿ ಮಾತಾಡ್ಕೊಳ್ಳಿ.