ನಾಯಕರ ಸುಳ್ಳಿಗೆ ಕೇಸ್ ಹಾಕಬೇಕಾ?

ಅಧಿಕಾರದಲ್ಲಿರುವವರು ಸುಳ್ಳು ಹೇಳಿದರೆ ಕೋರ್ಟಿಗೆ ಎಳೆಯುವಂತಿರಬೇಕಾ ಅಂತ ಕೇಳಿದ್ದೀರಿ. ಎಳೆಯಬೇಕು, ಆದರೆ ಎಲ್ಲ ಸುಳ್ಳಿಗೂ ಅಲ್ಲ. ಪ್ರಮಾಣ ಮಾಡಿ ಹೇಳಿದ್ದು, ಸಹಿ ಹಾಕಿ ಕೊಟ್ಟಿದ್ದು, ಅಚ್ಚು ಹಾಕಿಸಿ ಹಂಚಿದ್ದು ಸುಳ್ಳಾದರೆ ಶಿಕ್ಷೆ ಆಗಲಿ. ಬಾಯಿಮಾತಿಗೆಲ್ಲ ಪೊಲೀಸರು ಬಂದರೆ ನನಗೆ ಭಯವಾಗುತ್ತದೆ.

2010ರಲ್ಲಿ ಬ್ರಿಟನ್ನಿನಲ್ಲಿ ಫಿಲ್ ವೂಲಸ್ ಎಂಬ ರಾಜಕಾರಣಿ ಬರೀ 103 ಮತಗಳಿಂದ ಗೆದ್ದರು. ಎದುರಾಳಿ ಉಗ್ರವಾದಿಗಳನ್ನು ಓಲೈಸುತ್ತಿದ್ದಾರೆ ಅಂತ ಪ್ರಚಾರದಲ್ಲಿ ಕರಪತ್ರ ಹಂಚಿಸಿದ್ದರು. ಸೋತವರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಅಲ್ಲಿ ನೋಡಬೇಕಿದ್ದದ್ದು ಇಷ್ಟೇ: ಕಾಗದದಲ್ಲಿರುವುದು ಎದುರಾಳಿಯ ನಡತೆಯ ಬಗ್ಗೆಯಾ? ಬರೆಸಿದವರು ಅದನ್ನು ನಿಜ ಅಂತ ನಂಬಿದ್ದರಾ? ನಂಬಿರಲಿಲ್ಲ ಅಂತ ಸಾಬೀತಾಯಿತು. ಗೆಲುವು ರದ್ದಾಯಿತು, 3 ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ ಅಂತಲೂ ಆಯಿತು. ಸುಳ್ಳು ಕಾಗದದ ಮೇಲೆ ಕೂತಿತ್ತು, ಆಮೇಲೆ ಹಾಗಲ್ಲ ಹೀಗೆ ಅನ್ನೋಕೆ ಜಾಗವೇ ಇರಲಿಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ವಿಷಯವೂ ಹಾಗೇ. ಮೋನಿಕಾ ಲೆವಿನ್ಸ್ಕಿ ಎಂಬ ಯುವತಿಯ ಜೊತೆ ಸಂಬಂಧ ಇರಲಿಲ್ಲ ಅಂತ ಟಿವಿ ಕ್ಯಾಮೆರಾ ಮುಂದೆ ಹೇಳಿದ ಸುಳ್ಳಿನಿಂದ ಅವರಿಗೆ ಮುಖಭಂಗವಾಯಿತು, ನಿಜ. ಆದರೆ 1999ರಲ್ಲಿ ನ್ಯಾಯಾಧೀಶರು ಅವರನ್ನು ನ್ಯಾಯಾಂಗ ನಿಂದನೆಯಲ್ಲಿ ಹಿಡಿದದ್ದು ಪ್ರಮಾಣ ಮಾಡಿ ಹೇಳಿದ ಸುಳ್ಳು ಹೇಳಿಕೆಗೆ.

ಸದನದೊಳಗಿನ ಸುಳ್ಳು ಮಾತ್ರ ಕಗ್ಗಂಟು. 1963ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಮಂತ್ರಿ ಜಾನ್ ಪ್ರೊಫ್ಯೂಮೊ ಸದನದಲ್ಲಿ ಎದ್ದು ನಿಂತು, ಕ್ರಿಸ್ಟೀನ್ ಕೀಲರ್ ಎಂಬ ಯುವತಿಯ ಜೊತೆ ತಪ್ಪು ಸಂಬಂಧ ಇರಲಿಲ್ಲ ಅಂದರು. ಜೂನ್‌ನಲ್ಲಿ ಒಪ್ಪಿಕೊಂಡು ರಾಜೀನಾಮೆ ಕೊಟ್ಟರು. ಆ ಮಾತಿಗೆ ಕೇಸ್ ಹಾಕುವ ಹಾಗೇ ಇರಲಿಲ್ಲ. ಸದನದ ಮಾತನ್ನು ಕೋರ್ಟಿನಲ್ಲಿ ಪ್ರಶ್ನಿಸಬಾರದು ಅಂತ ಅಲ್ಲಿ 1689ರಿಂದಲೂ ಕಾನೂನಿದೆ. ಅನ್ಯಾಯ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು, ಇಂಗ್ಲೆಂಡಿನ ಸಂಸದ ಜಾನ್ ಎಲಿಯಟ್ ಕಥೆ ಓದುವವರೆಗೆ. 1629ರಲ್ಲಿ ಸದನದಲ್ಲಿ ಎದುರಾಡಿದ್ದಕ್ಕೆ ರಾಜ ಒಂದನೇ ಚಾರ್ಲ್ಸ್ ಅವರನ್ನು ಸೆರೆಗೆ ಹಾಕಿಸಿದ. ಮೂರು ವರ್ಷ ಕಳೆದ ಮೇಲೆ ಸೆರೆಯಲ್ಲೇ ತೀರಿಕೊಂಡರು. ಯಾವುದು ಸುಳ್ಳು ಅಂತ ತೀರ್ಮಾನಿಸುವ ಕೋಲು ಕೊಟ್ಟರೆ, ಆಳುವವರು ಮೊದಲು ಬೀಸುವುದು ವಿರೋಧಿಗಳ ಮೇಲೆಯೇ.

(ಈಡೇರದ ಭರವಸೆಯನ್ನು ಇದಕ್ಕೆ ಸೇರಿಸಬೇಡಿ. ಕೊಟ್ಟ ದಿನ ಮನಸ್ಸಿನಲ್ಲಿ ಏನಿತ್ತು ಅಂತ ಯಾವ ಕೋರ್ಟ್ ಅಳೆಯುತ್ತದೆ?)

ಸದನದೊಳಗೆ ನನಗೆ ಬೇಕಾದದ್ದು ಒಂದೇ ನಿಯಮ. ತಪ್ಪು ಅಂಕಿಅಂಶ ಕೊಟ್ಟಿದ್ದು ಗೊತ್ತಾದರೆ ಇಷ್ಟು ದಿನದೊಳಗೆ ಅದೇ ಜಾಗದಲ್ಲಿ ನಿಂತು ತಿದ್ದಿ ಹೇಳಬೇಕು. ತಿದ್ದದಿದ್ದರೆ ಆ ಅಧಿವೇಶನ ಮುಗಿಯುವವರೆಗೆ ಹೊರಗೆ, ಸಂಬಳವೂ ಇಲ್ಲ.