ಗಡಿಪಾರಾದವರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ!

ನಮಸ್ಕಾರ. ರಷ್ಯಾದಲ್ಲಿ ಧರ್ಮಗಳ ಅಧ್ಯಯನ ಹೇಗೆ ಶುರುವಾಯಿತು ಅಂತ ನೀವು ಕಳಿಸಿದ ಲೇಖನ ಓದಿದೆ. ಕನ್ನಡದಲ್ಲಿ ಜಾಸ್ತಿ ಯಾರೂ ಮುಟ್ಟದ ವಿಷಯ, ಭಾಷೆಯೂ ಚೊಕ್ಕವಾಗಿದೆ. ಆದರೆ ಮೂರನೇ ಪುಟಕ್ಕೆ ಬಂದಾಗ ಸಿಟ್ಟು ಬಂತು.

ಆ ಸಾಲು ಇದು: "ಗಡಿಪಾರಾದ ಕೆಲವು ಕ್ರಾಂತಿಕಾರಿಗಳೂ ಈ ಕ್ಷೇತ್ರಕ್ಕೆ ಮಹತ್ವದ ಕೊಡುಗೆ ನೀಡಿದರು." ಕೆಲವರು ಅಂದರೆ ಯಾರು ಸ್ವಾಮಿ? ಎಲ್ಲಿಗೆ ಹೋದರು? ವ್ಲಾದಿಮಿರ್ ಬೊಗೊರಾಜ್ ಅವರನ್ನು ತ್ಸಾರ್ ಸರ್ಕಾರ ಸೈಬೀರಿಯಾದ ಕೊಲಿಮಾಗೆ ಅಟ್ಟಿತು. ಅಲ್ಲಿ ಅವರು ಸ್ಥಳೀಯ ಚುಕ್ಚಿ ಜನರ ಭಾಷೆ ಕಲಿತರು, ಹಿಮಸಾರಂಗ ಸಾಕುವ ಆ ಜನರ ನಡುವೆ ಓಡಾಡಿ ಅವರ ಶಾಮನ್‌ಗಳ (ಆತ್ಮಗಳೊಡನೆ ಮಾತಾಡುತ್ತಾರೆಂದು ನಂಬಲಾಗುವವರು) ಬಗ್ಗೆ, ನಂಬಿಕೆಗಳ ಬಗ್ಗೆ ಬರೆದುಕೊಂಡರು. ಲೆವ್ ಸ್ಟೆರ್ನ್‌ಬರ್ಗ್ ರಷ್ಯಾದ ಪೂರ್ವ ತುದಿಯ ಸಖಾಲಿನ್ ದ್ವೀಪಕ್ಕೆ ಗಡಿಪಾರಾಗಿ ಅಲ್ಲಿನ ನಿವ್ಖ್ ಜನರ ಮಧ್ಯೆ ಇದೇ ಕೆಲಸ ಮಾಡಿದರು. ಬಾಯಿ ಮುಚ್ಚಿಸೋಕೆ ಕಳಿಸಿದ ಸರ್ಕಾರವೇ ಇವರಿಗೆ ಸಂಶೋಧನೆಯ ಜಾಗ ತೋರಿಸಿದಂತಾಯಿತು, ಅಲ್ವಾ? ಮುಂದೆ ಸೋವಿಯತ್ ಆಳ್ವಿಕೆಯಲ್ಲಿ, 1932ರಲ್ಲಿ ಲೆನಿನ್‌ಗ್ರಾಡಿನ (ಹಿಂದಿನ ಪೀಟರ್ಸ್‌ಬರ್ಗ್) ಕಜಾನ್ ಕ್ಯಾಥೆಡ್ರಲ್ ಒಳಗೇ ಧರ್ಮದ ಇತಿಹಾಸದ ಮ್ಯೂಸಿಯಂ ತೆರೆದಾಗ ಅದರ ಮೊದಲ ನಿರ್ದೇಶಕರು ಇದೇ ಬೊಗೊರಾಜ್. ಧರ್ಮದ ವಿರುದ್ಧ ಪ್ರಚಾರವೂ ಅಲ್ಲೇ, ಧರ್ಮದ ವಸ್ತುಗಳನ್ನು ಜೋಪಾನ ಮಾಡುವುದೂ ಅಲ್ಲೇ. ಇಂಥದ್ದು ಕೈಯಲ್ಲಿದ್ದೂ 'ಕೆಲವರು' ಅಂತ ಬರೆಯೋಕೆ ಮನಸ್ಸು ಹೇಗೆ ಬಂತು?

ನಾನು ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುವಾಗ ಹಿರಿಯ ಉಪಸಂಪಾದಕರೊಬ್ಬರು ಇಂಥ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ 'ಯಾರಪ್ಪಾ ಇವನು?' ಅಂತ ಬರೆದು ಟೀಗೆ ಹೋಗಿಬಿಡೋರು. ಅವರು ವಾಪಸ್ ಬರುವಷ್ಟರಲ್ಲಿ ಹೆಸರು ಹುಡುಕಿಡಬೇಕು. ಮನಸ್ಸಲ್ಲೇ ಬೈದುಕೊಂಡು ಲೈಬ್ರರಿಗೆ ಓಡುತ್ತಿದ್ದೆ. ಆಗ ಗೂಗಲ್ ಎಲ್ಲಿತ್ತು!

ಇನ್ನೊಂದು ಸಾಲು: "ವಿಶ್ವವಿದ್ಯಾಲಯಗಳು ಧರ್ಮಗಳ ಅಧ್ಯಯನಕ್ಕೆ ಭದ್ರ ಬುನಾದಿ ಹಾಕಿದವು." ಅಷ್ಟು ಸಲೀಸಾಗಿ ಏನೂ ನಡೆಯಲಿಲ್ಲ. ತ್ಸಾರ್ ಕಾಲದಲ್ಲಿ ಆರ್ಥೊಡಾಕ್ಸ್ ಕ್ರೈಸ್ತ ದೇವತಾಶಾಸ್ತ್ರಕ್ಕೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಫ್ಯಾಕಲ್ಟಿಯೇ (ವಿಭಾಗವೇ) ಇರಲಿಲ್ಲ. ಅದು ಪೀಟರ್ಸ್‌ಬರ್ಗ್, ಮಾಸ್ಕೋ, ಕೀವ್, ಕಜಾನ್‌ಗಳಲ್ಲಿದ್ದ ಚರ್ಚಿನ ಅಕಾಡೆಮಿಗಳ ಕೈಯಲ್ಲಿತ್ತು. ಹಾಗಾಗಿ ಬೌದ್ಧಧರ್ಮದ ಅಧ್ಯಯನ ವಿಶ್ವವಿದ್ಯಾಲಯದೊಳಗೆ ಬಂದದ್ದು ದೇವತಾಶಾಸ್ತ್ರದ ದಾರಿಯಲ್ಲಲ್ಲ, ಭಾಷೆಗಳ ಬೆನ್ನು ಹತ್ತಿ. ಪೀಟರ್ಸ್‌ಬರ್ಗಿನ ಮಿನಾಯೆವ್ ಸಂಸ್ಕೃತ, ಪಾಲಿ ಬಲ್ಲವರು, ಸಿಲೋನು, ಭಾರತ, ಬರ್ಮಾ ಸುತ್ತಿ ಬಂದವರು. ಅವರ ಶಿಷ್ಯ ಓಲ್ಡೆನ್‌ಬರ್ಗ್ 1897ರಲ್ಲಿ ಬೌದ್ಧ ಗ್ರಂಥಗಳ ಪ್ರಕಟಣ ಮಾಲೆ ಶುರು ಮಾಡಿದರು. ನಿಮ್ಮ ಲೇಖನದಲ್ಲಿ ಈ ಇಬ್ಬರೂ 'ಮುಂತಾದವರು' ಎಂಬಲ್ಲಿ ಸೇರಿಹೋಗಿದ್ದಾರೆ.

ಧರ್ಮ ಎಂದರೇನು ಅಂತ ವಿವರಿಸುವ ಮೊದಲ ಎರಡು ಪುಟ ಸುಮ್ನೆ ತೆಗೆದುಹಾಕಿ. ಕೊಲಿಮಾದಿಂದಲೇ ಶುರು ಮಾಡಿ ಇನ್ನೊಮ್ಮೆ ಕಳಿಸಿ, ಓದುತ್ತೇನೆ.