ಮೆಡ್ಲೆ ಈಜುವ ಹುಡುಗನಿಗೆ ಮೊದಲು ಗೋಡೆ ಕಲಿಸಿ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ನಿಮ್ಮ ಮಗನಿಗೆ ಆಗಿದ್ದೇ ನಮ್ಮ ಮಗಳಿಗೂ ಆಗಿತ್ತು. ಅದಕ್ಕೆ ಅವಸರದಲ್ಲಿ ಎರಡು ಸಾಲು ಬರೆಯೋದು ಬೇಡ ಅಂತ ಇವತ್ತು ಸಾವಕಾಶ ಕೂತು ಬರೆಯುತ್ತಿದ್ದೇನೆ.

ನೀವು ಕೇಳಿದ್ದು ಇಷ್ಟು. ಮಗನಿಗೆ 13 ವರ್ಷ. ಗದಗದಲ್ಲಿ 25 ಮೀಟರ್ ಕೊಳದಲ್ಲಿ 200 ಮೀಟರ್ ಮೆಡ್ಲೆ ಈಜುತ್ತಾನೆ, ಅಂದರೆ ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಫ್ರೀಸ್ಟೈಲ್ ಇದೇ ಕ್ರಮದಲ್ಲಿ ತಲಾ 50 ಮೀಟರ್. ಬಟರ್‌ಫ್ಲೈನಲ್ಲಿ ಎಲ್ಲರಿಗಿಂತ ಮುಂದೆ. ಕೊನೆಯ ಫ್ರೀಸ್ಟೈಲ್ ಬರುವಷ್ಟರಲ್ಲಿ ಮೂರು ಜನ ದಾಟಿ ಹೋಗುತ್ತಾರೆ. ಹೋದ ಸಲ ಬ್ಯಾಕ್‌ಸ್ಟ್ರೋಕ್ ಮುಗಿಸುವಾಗ ಡಿಸ್‌ಕ್ವಾಲಿಫೈ ಬೇರೆ ಆದ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಈಜುಗಾರ ಲಿಯಾನ್ ಮರ್ಶಾನ್ ಈಜಿದ ರೇಸ್ ದಿನಾ ಮೊಬೈಲಿನಲ್ಲಿ ನೋಡುತ್ತಾನೆ. ಈಗ ಬಟರ್‌ಫ್ಲೈಗೆ ಇನ್ನೂ ಜಾಸ್ತಿ ಪ್ರಾಕ್ಟೀಸ್ ಕೊಡಿಸಬೇಕಾ, ಇಲ್ಲ ಮೆಡ್ಲೆ ಬಿಡಿಸಬೇಕಾ?

ಎರಡೂ ಬೇಡ. ಅವನ ಬಟರ್‌ಫ್ಲೈ ಜೋರಾಗಿಯೇ ಇದೆ. ತೊಂದರೆ ಏನೆಂದರೆ ಅದು ದುಬಾರಿ. ಮೊದಲ 50 ಮೀಟರಿನಲ್ಲೇ ಕೈಯಲ್ಲಿದ್ದದ್ದೆಲ್ಲ ಖರ್ಚು ಮಾಡಿ ಬಿಡುತ್ತಾನೆ. ಮತ್ತೆ ಗೋಡೆಯ ಹತ್ತಿರ, ಅಂದರೆ ಟರ್ನ್‌ನಲ್ಲಿ, ಸಿಗಬೇಕಾದ್ದನ್ನು ತೆಗೆದುಕೊಳ್ಳುತ್ತಿಲ್ಲ. ಇವೆರಡನ್ನು ಸರಿ ಮಾಡಿದರೆ ಕೊನೆಯ ಫ್ರೀಸ್ಟೈಲ್ ತಾನೇ ಸುಧಾರಿಸುತ್ತದೆ.

ಒಂದು ಲೆಕ್ಕ ತೋರಿಸುತ್ತೇನೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೈಕೆಲ್ ಫೆಲ್ಪ್ಸ್ 400 ಮೀಟರ್ ಮೆಡ್ಲೆಯನ್ನು 4 ನಿಮಿಷ 03.84 ಸೆಕೆಂಡಿನಲ್ಲಿ ಈಜಿದರು. ಬಟರ್‌ಫ್ಲೈ ನೂರು ಮೀಟರಿಗೆ 54.92, ಬ್ಯಾಕ್‌ಸ್ಟ್ರೋಕ್ 61.57, ಬ್ರೆಸ್ಟ್‌ಸ್ಟ್ರೋಕ್ 70.56, ಕೊನೆಯ ಫ್ರೀಸ್ಟೈಲ್ 56.79 ಸೆಕೆಂಡ್. ಬಟರ್‌ಫ್ಲೈಗೆ ಮೇಲಿನಿಂದ ಹಾರಿದ ಲಾಭ ಇತ್ತು, ಮೈಯಲ್ಲಿ ದಣಿವೂ ಇರಲಿಲ್ಲ. ಆದರೂ 300 ಮೀಟರ್ ಈಜಿ ಬಂದ ಮೇಲಿನ ಫ್ರೀಸ್ಟೈಲಿಗೂ ಅದಕ್ಕೂ ಎರಡು ಸೆಕೆಂಡಿನಷ್ಟೂ ವ್ಯತ್ಯಾಸ ಇಲ್ಲ. ಫೆಲ್ಪ್ಸ್ ಬಟರ್‌ಫ್ಲೈನಲ್ಲಿ ಜಗತ್ತಿಗೇ ದೊಡ್ಡವರು. ಅಂಥವರೂ ಅಲ್ಲಿ ಎಲ್ಲವನ್ನೂ ಸುರಿಯಲಿಲ್ಲ. ಆ ಟೈಮ್ ವಿಶ್ವ ದಾಖಲೆಯಾಗಿ ಸುಮಾರು 15 ವರ್ಷ ನಿಂತಿತು. 2023ರಲ್ಲಿ ಜಪಾನಿನ ಫುಕುವೊಕಾದಲ್ಲಿ ಮರ್ಶಾನ್ 4 ನಿಮಿಷ 02.50 ಸೆಕೆಂಡಿನಲ್ಲಿ ಅದನ್ನು ಮುರಿದರು. ಇಬ್ಬರಿಗೂ ತರಬೇತಿ ಕೊಟ್ಟವರು ಒಬ್ಬರೇ, ಬಾಬ್ ಬೋಮನ್.

ನಿಮ್ಮ ಮಗನ ನಾಲ್ಕೂ ಸ್ಪ್ಲಿಟ್, ಅಂದರೆ ಒಂದೊಂದು ಸ್ಟ್ರೋಕಿಗೆ ಹಿಡಿದ ಟೈಮ್, ಬೇರೆ ಬೇರೆ ಬರೆದುಕೊಳ್ಳಿ. 200ರಲ್ಲಿ ಫ್ರೀಸ್ಟೈಲಿನ 50 ಮೀಟರ್ ಬಟರ್‌ಫ್ಲೈಗಿಂತ ಏಳೆಂಟು ಸೆಕೆಂಡ್ ಜಾಸ್ತಿ ಬಂತು ಅಂದರೆ ಅವನಿಗೆ ಫ್ರೀಸ್ಟೈಲ್ ಬರಲ್ಲ ಅಂತ ಅಲ್ಲ. ಮೊದಲೇ ಖಾಲಿ ಆಗಿದ್ದಾನೆ ಅಂತ.

ಬಟರ್‌ಫ್ಲೈಯನ್ನು ಅಗ್ಗ ಮಾಡೋದು ಹೇಗೆ? ಕೈಯನ್ನು ಎತ್ತರಕ್ಕೆ ಎಸೆಯೋದು ಬೇಡ, ನೀರಿನ ಮೇಲೆ, ತೀರಾ ಹತ್ತಿರದಲ್ಲೇ ಮುಂದೆ ಬಂದರೆ ಸಾಕು. ಉಸಿರಿಗೆ ತಲೆ ಎತ್ತುವಾಗ ಗದ್ದ ನೀರಿನ ಹತ್ತಿರವೇ ಇರಲಿ. ತಲೆ ಮೇಲೆ ಹೋದಷ್ಟು ಸೊಂಟ ಕೆಳಗೆ ಇಳಿಯುತ್ತದೆ, ಆಮೇಲೆ ಆ ಸೊಂಟ ಎತ್ತೋದಕ್ಕೇ ಅರ್ಧ ಶಕ್ತಿ ಹೋಗುತ್ತದೆ. ವಾರದಲ್ಲಿ ಎರಡು ದಿನ ಪೂರ್ತಿ ಬಟರ್‌ಫ್ಲೈ ಬಿಟ್ಟು ಮೂರು ಸಲ ಬಲಗೈ, ಮೂರು ಸಲ ಎಡಗೈ, ಮೂರು ಸಲ ಎರಡೂ ಕೈ, ಹೀಗೆ ಈಜಿಸಿ. ಒಂದು 25 ಮೀಟರಿಗೆ ಎಷ್ಟು ಸ್ಟ್ರೋಕ್ ಅಂತ ಎಣಿಸಲಿ. ಟೈಮ್ ಅಷ್ಟೇ ಇದ್ದು ಸ್ಟ್ರೋಕ್ ಒಂದು ಕಡಿಮೆ ಆಯಿತು ಅಂದರೆ ಅದು ಲಾಭ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಕಾಲಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟು ಕೈಯಿಂದ ನಡೆಸಲಿ. ಮುಂದೆ ಬ್ರೆಸ್ಟ್‌ಸ್ಟ್ರೋಕ್ ಇದೆ, ಅದು ಪೂರ್ತಿ ಕಾಲಿನ ಮೇಲೇ ನಿಂತಿರೋದು.

ಈಗ ಡಿಸ್‌ಕ್ವಾಲಿಫೈ ವಿಷಯ. ಇದು ನನಗೆ ಹೊಟ್ಟೆ ಉರಿದ ಜಾಗ.

ಕೆಲವು ವರ್ಷದ ಹಿಂದೆ ಒಂದು ಮೀಟ್‌ನಲ್ಲಿ ನಮ್ಮ ಮಗಳು ಮೂರನೆಯವಳಾಗಿ ಗೋಡೆ ಮುಟ್ಟಿದಳು. ಟೋಪಿ ಕಿತ್ತು ನಮ್ಮ ಕಡೆ ಮೂರು ಬೆರಳು ತೋರಿಸಿದಳು. ನಾನು ಮಾತ್ರ ಆಗಲೇ ನೋಡಿದ್ದೆ, ಬ್ಯಾಕ್‌ಸ್ಟ್ರೋಕ್ ಮುಗಿದಾಗ ಲೇನ್ ತುದಿಯಲ್ಲಿದ್ದ ಜಡ್ಜ್ ಕೈ ಎತ್ತಿದ್ದರು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಇನ್ನೂ ಅರ್ಧ ರೇಸನ್ನು ಜೀವ ಬಿಟ್ಟು ಈಜಿದ್ದಳು. ಫಲಿತಾಂಶದ ಹಾಳೆಯಲ್ಲಿ ಹೆಸರಿನ ಮುಂದೆ ಟೈಮ್ ಇರಲಿಲ್ಲ. ಟವೆಲ್ ತಲೆ ಮೇಲೆ ಹಾಕಿಕೊಂಡು ಕೂತವಳು ಹುಬ್ಬಳ್ಳಿ ಬರುವ ತನಕ ಒಂದು ಮಾತಾಡಲಿಲ್ಲ.

ತಪ್ಪು ಇಷ್ಟೇ. ಬರೀ ಬ್ಯಾಕ್‌ಸ್ಟ್ರೋಕ್ ರೇಸಿನಲ್ಲಿ ಗೋಡೆ ಹತ್ತಿರ ಬಂದಾಗ ಹೊಟ್ಟೆ ಮೇಲೆ ಮಗುಚಿ ಪಲ್ಟಿ ಹೊಡೆದು ತಿರುಗಬಹುದು. ಮೆಡ್ಲೆಯಲ್ಲಿ ಬ್ಯಾಕ್‌ಸ್ಟ್ರೋಕ್ ಮುಗಿಸಿ ಬ್ರೆಸ್ಟ್‌ಸ್ಟ್ರೋಕಿಗೆ ಹೋಗುವ ಗೋಡೆಯಲ್ಲಿ ಅದು ನಡೆಯೋದಿಲ್ಲ. ಅಲ್ಲಿ ಬೆನ್ನ ಮೇಲೆ ಇದ್ದೇ ಗೋಡೆ ಮುಟ್ಟಬೇಕು. ಪ್ರತಿ ಸ್ಟ್ರೋಕನ್ನೂ ಆ ಸ್ಟ್ರೋಕಿನ ರೇಸ್ ಮುಗಿಸುವ ಹಾಗೇ ಮುಗಿಸಬೇಕು ಅನ್ನೋದು ನಿಯಮ. ನಿಮ್ಮದು 25 ಮೀಟರ್ ಕೊಳ ಆದ್ದರಿಂದ ಗೊಂದಲ ಇನ್ನೂ ಜಾಸ್ತಿ. ಅಲ್ಲಿ ಬ್ಯಾಕ್‌ಸ್ಟ್ರೋಕ್ ಎರಡು ಉದ್ದ ಬರುತ್ತದೆ. ಮೊದಲ ಗೋಡೆಯಲ್ಲಿ ಪಲ್ಟಿ ಸರಿ, ಎರಡನೇ ಗೋಡೆಯಲ್ಲಿ ಅದೇ ಪಲ್ಟಿ ತಪ್ಪು. ದಣಿದ ಹುಡುಗನ ಮೈ ಅಭ್ಯಾಸ ಇದ್ದದ್ದನ್ನೇ ಮಾಡುತ್ತದೆ. ಅವನನ್ನು ಬೈಯಬೇಡಿ ಅಕ್ಕಾ, ಅದನ್ನು ಬೇರೆಯಾಗಿ ಯಾರೂ ಕಲಿಸಿರೋದಿಲ್ಲ.

ನಾವು ಮಾಡಿದ್ದು ಹೇಳುತ್ತೇನೆ. ದೊಡ್ಡ ಕೊಳಗಳಲ್ಲಿ ಗೋಡೆಯಿಂದ 5 ಮೀಟರ್ ದೂರಕ್ಕೆ ಅಡ್ಡ ಹಗ್ಗ ಕಟ್ಟಿ ಪತಾಕೆ ತೂಗು ಹಾಕಿರುತ್ತಾರೆ. ಬೆನ್ನ ಮೇಲೆ ಬರುವವರಿಗೆ ಅದೇ ಗುರುತು. ನಾವು ಹೋಗುತ್ತಿದ್ದ ಕೊಳದಲ್ಲಿ ಅದು ಇರಲಿಲ್ಲ. ನಮ್ಮ ಮನೆಯವರು ಹಳೇ ಕೆಂಪು ಸೀರೆ ಹರಿದು ಗೇಣುದ್ದದ ಚೂರು ಮಾಡಿದರು. ನೈಲಾನ್ ಹಗ್ಗಕ್ಕೆ ಒಂದೊಂದು ಮೊಳಕ್ಕೆ ಒಂದೊಂದು ಗಂಟು ಹಾಕಿದೆವು. ನೋಡಿಕೊಳ್ಳುವವರ ಒಪ್ಪಿಗೆ ತೆಗೆದುಕೊಂಡು ಬೆಳಗ್ಗೆ ಐದೂವರೆಗೆ ಕಟ್ಟಿ, ಏಳಕ್ಕೆ ಬಿಚ್ಚಿ ತರುತ್ತಿದ್ದೆವು. ನೀರಿನಿಂದ ಆಳೆತ್ತರ ಇದ್ದರೆ ಸಾಕು. ಪತಾಕೆ ತಲೆ ಮೇಲೆ ದಾಟಿದ ಮೇಲೆ ಗೋಡೆಗೆ ಎಷ್ಟು ಕೈ ಅಂತ ಎಣಿಸಬೇಕು. ನಮ್ಮವಳದು ಐದು. ನಾಲ್ಕು ಕೈ ಹಾಕಿ, ಐದನೇ ಕೈ ಹಿಂದಕ್ಕೆ ಚಾಚಿ, ಕಿವಿ ನೀರಲ್ಲೇ ಇಟ್ಟು, ಬೆರಳು ಗೋಡೆಗೆ ತಾಗಿದ ಮೇಲೇ ತಿರುಗೋದು. ಮೊದಲ ವಾರ ತಲೆ ಗೋಡೆಗೆ ಬಡಿಯುತ್ತದೆ ಅಂತ ಹೆದರಿ ತಿರುತಿರುಗಿ ನೋಡುತ್ತಿದ್ದಳು. ಎಣಿಕೆ ನಂಬಿಕೆಗೆ ಬಂದ ಮೇಲೆ ನೋಡೋದು ನಿಂತಿತು.

ಉಳಿದ ಎರಡು ಬದಲಾವಣೆ ಸುಲಭ. ಬಟರ್‌ಫ್ಲೈ ಮುಗಿಸುವಾಗ, ಬ್ರೆಸ್ಟ್‌ಸ್ಟ್ರೋಕ್ ಮುಗಿಸುವಾಗ ಎರಡೂ ಕೈ ಒಟ್ಟಿಗೆ ಗೋಡೆಗೆ ಹತ್ತಬೇಕು, ಒಂದರ ಮೇಲೊಂದು ಇರಬಾರದು. ನಾನು ಕೊಳದ ಅಂಚಿನಲ್ಲಿ ಕೂತು "ಎರಡೂ ಕೈ ಹಚ್ಚವಾ" ಅಂತ ಕೂಗುತ್ತಿದ್ದೆ, ಬೇರೆ ಮಕ್ಕಳೂ ಹಚ್ಚಲು ಶುರು ಮಾಡಿದರು.

ಮೂರು ಜೋಡಿಯನ್ನು ಬೇರೆ ಬೇರೆ ಮಾಡಿಸಿ. ಬಟರ್‌ಫ್ಲೈನಿಂದ ಬ್ಯಾಕ್ 50 ಮೀಟರ್ ನಾಲ್ಕು ಸಲ, ಬ್ಯಾಕ್‌ನಿಂದ ಬ್ರೆಸ್ಟ್ ಆರು ಸಲ, ಬ್ರೆಸ್ಟ್‌ನಿಂದ ಫ್ರೀ ನಾಲ್ಕು ಸಲ. ನಡುವೆ ಅರ್ಧ ನಿಮಿಷ ಬಿಡುವು. ಒಟ್ಟು 700 ಮೀಟರ್ ಆಯಿತು. ವಾರಕ್ಕೆ ಮೂರು ದಿನ ಸಾಕು.

ಗೋಡೆಯಿಂದ ಒದ್ದ ಮೇಲೆ ನೀರೊಳಗೆ ಸಾಗೋದರಲ್ಲಿ ಮರ್ಶಾನ್ ಎಲ್ಲರನ್ನೂ ಹಿಂದೆ ಹಾಕುತ್ತಾರೆ. ಪ್ಯಾರಿಸ್‌ನಲ್ಲಿ 2024ರ ಜುಲೈ 28ರ 400 ಮೀಟರ್ ಮೆಡ್ಲೆ ಫೈನಲ್ ಮತ್ತೊಮ್ಮೆ ನೋಡಿ. 4 ನಿಮಿಷ 02.95. ಎರಡನೆಯವರಾದ ಜಪಾನಿನ ತೊಮೊಯುಕಿ ಮತ್ಸುಶಿತಾ 4 ನಿಮಿಷ 08.62. ಐದೂವರೆ ಸೆಕೆಂಡಿಗೂ ಜಾಸ್ತಿ ಅಂತರ! ಮಗನಿಗೆ ಹೇಳಿ, ಈ ಸಲ ಕೈ ನೋಡಬೇಡ, ಪ್ರತಿ ಗೋಡೆ ಆದಮೇಲೆ ಯಾರು ಎಲ್ಲಿ ಮೇಲೆ ಬರುತ್ತಾರೆ ಅಷ್ಟೇ ನೋಡು ಅಂತ. ಬಟರ್‌ಫ್ಲೈ, ಬ್ಯಾಕ್, ಫ್ರೀಸ್ಟೈಲ್‌ನಲ್ಲಿ 15 ಮೀಟರ್ ಒಳಗೆ ತಲೆ ಮೇಲೆ ಬರಬೇಕು. ಹುಡುಗರಿಗೆ ಅಷ್ಟೆಲ್ಲ ಬೇಡ. ನಾಲ್ಕು ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಮೀನಿನ ಬಾಲದ ಹಾಗೆ ಬಡಿಯೋದು), ಐದಾರು ಮೀಟರ್, ಆದರೆ ಪ್ರತಿ ಗೋಡೆಗೂ. 25 ಮೀಟರ್ ಕೊಳದಲ್ಲಿ 200ಕ್ಕೆ ಏಳು ಟರ್ನ್ ಇವೆ. ಒಂದೊಂದರಲ್ಲಿ ಅರ್ಧ ಸೆಕೆಂಡ್ ಉಳಿದರೂ ಮೂರೂವರೆ ಸೆಕೆಂಡ್. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಾತ್ರ ಬೇರೆ: ಗೋಡೆ ಬಿಟ್ಟಮೇಲೆ ನೀರೊಳಗೆ ಕೈಯನ್ನು ಒಂದೇ ಸಲ ತೊಡೆಯ ತನಕ ಎಳೆಯಬಹುದು, ಡಾಲ್ಫಿನ್ ಕಿಕ್ ಒಂದೇ ಒಂದು.

ಒಂದು ಎಚ್ಚರಿಕೆ. ಉಸಿರು ಕಟ್ಟಿ ನೀರೊಳಗೆ ಎಷ್ಟು ಹೊತ್ತು ಇರ್ತೀಯಾ ಅನ್ನುವ ಪಂದ್ಯ ಹುಡುಗರು ಕಟ್ಟುತ್ತಾರೆ. ಅದಕ್ಕೆ ಅವಕಾಶ ಕೊಡಲೇಬೇಡಿ. ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ, ಪಕ್ಕದವರಿಗೂ ತಿಳಿಯುವುದಿಲ್ಲ.

ಅಷ್ಟು ಸಣ್ಣ ಲಾಭಕ್ಕೆ ಇಷ್ಟೊಂದು ಒದ್ದಾಟವಾ ಅಂತ ಮಗ ಕೇಳಿದರೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಹೇಳಿ. 400 ಮೀಟರ್ ಮೆಡ್ಲೆಯಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್, ಅಮೆರಿಕದ ಟಿಮ್ ಮೆಕೀ ಇಬ್ಬರದ್ದೂ 4 ನಿಮಿಷ 31.98. ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕಕ್ಕೆ ಹೋದರು. ಲಾರ್ಸನ್ 31.981, ಮೆಕೀ 31.983. ಆ ವೇಗದಲ್ಲಿ ಅದು ಮೂರು ಮಿಲಿಮೀಟರ್, ಜೋಳದ ಕಾಳಿನಷ್ಟೂ ಇಲ್ಲ. ಕೊಳದ ಒಂದು ಲೇನಿಗೂ ಇನ್ನೊಂದಕ್ಕೂ ಉದ್ದದಲ್ಲೇ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಹುದು. ಮೆಕೀಗೆ ಅನ್ಯಾಯ ಆಯಿತು ಅಂತಲೇ ನನ್ನ ಅನಿಸಿಕೆ. ಆಮೇಲೆ ನಿಯಮ ಬದಲಾಯಿತು. ಈಗ ನೂರರ ಲೆಕ್ಕದ ತನಕ ಮಾತ್ರ, ಸಮ ಬಂದರೆ ಪದಕವೂ ಸಮ. ಪ್ಯಾರಿಸ್‌ನಲ್ಲೂ ಬೆಳ್ಳಿಗೂ ಕಂಚಿಗೂ ಇದ್ದದ್ದು 0.04 ಸೆಕೆಂಡ್. ಅಮೆರಿಕದ ಕಾರ್ಸನ್ ಫಾಸ್ಟರ್ 4 ನಿಮಿಷ 08.66ಕ್ಕೆ ಮುಟ್ಟಿದರು.

ಮೆಡ್ಲೆ ಬಿಡಿಸುವ ವಿಚಾರ ಈಗಲೇ ಬೇಡ. ಈ ವಯಸ್ಸಿನಲ್ಲಿ ಬರೀ ಬಟರ್‌ಫ್ಲೈ ಹೊಡೆಸಿದರೆ ಭುಜಕ್ಕೆ ಪೆಟ್ಟು. ನಾಲ್ಕೂ ಬಂದವನಿಗೆ ಮುಂದೆ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಮರ್ಶಾನ್ ಪ್ಯಾರಿಸ್‌ನಲ್ಲಿ ಒಂದೇ ಸಂಜೆ 200 ಬಟರ್‌ಫ್ಲೈ ಚಿನ್ನವನ್ನೂ 200 ಬ್ರೆಸ್ಟ್‌ಸ್ಟ್ರೋಕ್ ಚಿನ್ನವನ್ನೂ ಗೆದ್ದರು. ಮರುವರ್ಷ ಸಿಂಗಪುರದಲ್ಲಿ 200 ಮೆಡ್ಲೆಯನ್ನು ಸೆಮಿಫೈನಲ್‌ನಲ್ಲೇ 1 ನಿಮಿಷ 52.69ಕ್ಕೆ ಇಳಿಸಿದರು. 2011ರಿಂದ ಅಮೆರಿಕದ ರಯಾನ್ ಲಾಕ್ಟಿ ಹೆಸರಿನಲ್ಲಿ ಇದ್ದ ವಿಶ್ವ ದಾಖಲೆ 1 ನಿಮಿಷ 54.00.

ಬೇಸಿಗೆಯಲ್ಲಿ ಕೊಳ ಮುಚ್ಚಿದರೆ ಊರಿನ ಬಾವಿಗೆ ಕಳಿಸಲಾ ಅಂತಲೂ ಕೇಳಿದ್ದೀರಿ. ನಾನು ಈಜು ಕಲಿತದ್ದೇ ಹಾವೇರಿ ಕಡೆಯ ನಮ್ಮ ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಬಾವಿಯಲ್ಲಿ ಕಲಿತವರ ಕಪ್ಪೆ ಕಾಲು ಬಲು ಗಟ್ಟಿ, ಬ್ರೆಸ್ಟ್‌ಸ್ಟ್ರೋಕಿಗೆ ಅದು ಉಪಯೋಗ. ಆದರೆ ತಲೆ ಮೇಲೆ ಎತ್ತಿಯೇ ಈಜುವ ಚಾಳಿ ಹತ್ತುತ್ತದೆ, ಅದನ್ನು ಬಿಡಿಸೋದು ಕಷ್ಟ. ಮೆಟ್ಟಿಲು ಇರುವ ಬಾವಿ, ಈಜು ಬರುವ ದೊಡ್ಡವರು ಜೊತೆಗೆ, ಹಾಗಿದ್ದರೆ ಮಾತ್ರ ಕಳಿಸಿ. ಕೃಷಿ ಹೊಂಡಕ್ಕೆ ಯಾವ ಕಾರಣಕ್ಕೂ ಬೇಡ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಕೈಗೆ ಹಿಡಿತ ಸಿಗೋದಿಲ್ಲ, ಚೆನ್ನಾಗಿ ಈಜುವವನೂ ಮೇಲೆ ಹತ್ತಲಾರ.

ಶನಿವಾರ ಒಂದು 200 ಈಜಿಸಿ ನಾಲ್ಕೂ ಸ್ಪ್ಲಿಟ್ ಇಲ್ಲೇ ಹಾಕಿ. ಜೊತೆಗೆ ಬ್ಯಾಕ್‌ಸ್ಟ್ರೋಕ್ ಮುಗಿಸುವ ಗೋಡೆಯ ಒಂದು ವಿಡಿಯೋ. ಪಕ್ಕದಿಂದ ಬೇಡ, ಜಡ್ಜ್ ನಿಲ್ಲುವ ಹಾಗೆ ಅವನ ಲೇನಿನ ತುದಿಯಲ್ಲೇ ನಿಂತು ತೆಗೆಯಿರಿ. ಭುಜ ಯಾವಾಗ ಮಗುಚುತ್ತದೆ ಅಂತ ಅಲ್ಲಿಂದ ಸರಿಯಾಗಿ ಕಾಣುತ್ತದೆ.